ಖಾಲಿ ಕುರ್ಚಿಯ ಮುಂದಿನ ಪರೀಕ್ಷೆ

ಹೋದ ಮಾರ್ಚಿನಲ್ಲಿ ಮೊಮ್ಮಗಳನ್ನು ಪರೀಕ್ಷೆಗೆ ಬಿಡಲು ಹುಕ್ಕೇರಿಗೆ ಹೋಗಿದ್ದೆ. ಗೇಟಿನಲ್ಲಿ ಇಬ್ಬರು ಹೆಂಗಸರು ನಿಂತು ಹುಡುಗಿಯರ ಜಡೆ, ತೋಳು, ಚಪ್ಪಲಿಯ ಅಡಿ ಎಲ್ಲವನ್ನೂ ತಡವಿ ನೋಡಿ ಒಳಗೆ ಬಿಡುತ್ತಿದ್ದರು. ಒಳಗೆ ಗೋಡೆಗೆ ಕ್ಯಾಮೆರಾ ಬೇರೆ. ಮೊಮ್ಮಗಳು ನಕ್ಕು, "ಅಜ್ಜಿ, ನಿಮ್ಮ ಕಾಲಕ್ಕ ಕಾವಲಿಗೆ ಯಾರಿರ್ತಿದ್ರು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಓಡಿಹೋದಳು. ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಕುಳಿತವಳಿಗೆ ಮೂರು ತಾಸು ಆ ಪ್ರಶ್ನೆಯದೇ ಕಾಟವಾಯಿತು.

ನಾನು ಒಳ್ಳೆಯವಳಲ್ಲ ಎಂಬುದನ್ನು ಮೊದಲಿಗೇ ಹೇಳಿ ಮುಗಿಸಿಬಿಡುತ್ತೇನೆ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಊರೆಲ್ಲ ಕೈ ಮುಗಿಯುತ್ತದೆ, ಅದು ಬೇರೆ ಮಾತು. ಆ ಒಂದು ವರ್ಷ ನಾನು ಹೊಟ್ಟೆಕಿಚ್ಚಿನಲ್ಲಿ ಎದ್ದು ಹೊಟ್ಟೆಕಿಚ್ಚಿನಲ್ಲಿ ಮಲಗಿದವಳು. ಅದರ ಕಥೆ ಇದು.

ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ. ಹುಕ್ಕೇರಿಯ ಅಂಚಿಗಿದ್ದ ಮಿಶನ್ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಮ್ಯಾಟ್ರಿಕ್ ಓದುತ್ತಿದ್ದೆ. ನನ್ನಪ್ಪ ಕಣಗಲಾದಲ್ಲಿ ಉಪದೇಶಿ. ಭಾನುವಾರ ಪ್ರಾರ್ಥನೆ ನಡೆಸುವುದು, ಉಳಿದ ದಿನ ಹಳ್ಳಿ ಹಳ್ಳಿ ಸೈಕಲ್ ತುಳಿಯುವುದು ಅವನ ಕೆಲಸ. ನಮ್ಮಜ್ಜ ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ. ಊರ ಬಾವಿಗೆ ನಮ್ಮ ಕೊಡ ಇಳಿಯುತ್ತಿರಲಿಲ್ಲ. ಯಾರಾದರೂ ಪುಣ್ಯಕ್ಕೆ ಸೇದಿ ಹಾಕಿದರೆ ಉಂಟು, ಇಲ್ಲದಿದ್ದರೆ ಹಳ್ಳವೇ ಗತಿ. ಶಾಲೆಯ ಬೋರ್ಡಿಂಗಿಗೆ ಬಂದ ಮೇಲೆ ಮಾತ್ರ ನಾನು ಹಗ್ಗ ಹಿಡಿದು ಬಾವಿಯ ನೀರು ಸೇದಿದ್ದು. ಆ ಶಾಲೆಯಲ್ಲಿ ನಾನು ಎಸ್ತೇರ್, ಉಪದೇಶಿಯ ಮಗಳು, ಎಲ್ಲದಕ್ಕೂ ಮೊದಲಿನವಳು. ಹೊರಗಿನ ಜಗತ್ತಿನಲ್ಲಿ ನಾವು ಕೊನೆಯವರು. ಹಾಗಾಗಿ ಆ ಕಾಂಪೌಂಡಿನೊಳಗಿನ ಮೊದಲ ಸ್ಥಾನ ನನಗೆ ಎಷ್ಟು ಬೇಕಾಗಿತ್ತು ಎಂದು ಬೇರೆಯವರಿಗೆ ತಿಳಿಯುವುದು ಕಷ್ಟ.

ಹೆಡ್‌ಮಿಸ್ಟ್ರೆಸ್ ರಾಹೇಲಬಾಯಿಯವರು ಮಂಗಳೂರು ಕಡೆಯವರು. ಬಂದು ಒಂದೂವರೆ ವರ್ಷವಾಗಿತ್ತಷ್ಟೆ. ಬಿಳಿ ಸೀರೆ, ಪುಸ್ತಕದಂಥ ಕನ್ನಡ. "ಗಣಿತವನ್ನು ಬೇರೆ ಶಾಲೆಗಳೂ ಕಲಿಸುತ್ತವೆ. ನಾವು ಮನುಷ್ಯರನ್ನು ಮಾಡಬೇಕು" ಎನ್ನುತ್ತಿದ್ದರು. ಬೆಳಿಗ್ಗೆ ಕಾಲು ತಾಸು ಎಲ್ಲರೂ ಮೌನವಾಗಿ ಕುಳಿತು ನಿನ್ನೆಯ ತಪ್ಪನ್ನು ನೆನೆಯಬೇಕು. ಶುಕ್ರವಾರ ಬೋಧೆಯ ತಾಸು. ಎಲ್ಲಕ್ಕಿಂತ ದೊಡ್ಡದು ಪರೀಕ್ಷೆಯ ಪದ್ಧತಿ. ಅವರು ಪ್ರಶ್ನೆಪತ್ರಿಕೆ ಹಂಚಿ, ಮುಂದೆ ಒಂದು ಖಾಲಿ ಕುರ್ಚಿ ಇಟ್ಟು, "ನೋಡುವವನು ಕೂತಿದ್ದಾನೆ" ಎಂದು ಹೇಳಿ ಹೊರಗೆ ಹೋಗಿಬಿಡುತ್ತಿದ್ದರು. ಬರೆದು ಮುಗಿದ ಮೇಲೆ ಪ್ರತಿಯೊಬ್ಬಳೂ ಉತ್ತರಪತ್ರಿಕೆಯ ಕೊನೆಗೆ ಎರಡು ಸಾಲು ಬರೆಯಬೇಕು. ಮೊದಲನೆಯದು, ನಾನು ನೋಡಿ ಬರೆದಿಲ್ಲ. ಎರಡನೆಯದು, ನೋಡಿ ಬರೆದವರನ್ನು ನಾನು ಕಂಡಿಲ್ಲ. ಕೆಳಗೆ ಸಹಿ.

ವರ್ಷಕ್ಕೊಬ್ಬ ಹುಡುಗಿಗೆ ಶಾಲೆಯ ಹೆಡ್‌ಮಿಸ್ಟ್ರೆಸ್ ತಮ್ಮ ಕೈಯಿಂದಲೇ ನಡತೆಯ ಪತ್ರ ಬರೆದುಕೊಡುವುದು ಮೊದಲಿನಿಂದ ಬಂದ ರೂಢಿ. ಅದನ್ನು ಹಿಡಿದು ಧಾರವಾಡಕ್ಕೆ ಹೋದರೆ ಶಿಕ್ಷಕಿಯರ ತರಬೇತಿಗೆ ಜಾಗ ಖಾತ್ರಿ. ಪತ್ರ ಸಿಗದವರು ಮನೆಗೆ ಹೋಗಿ ಮದುವೆಯಾಗುತ್ತಿದ್ದರು. ನನ್ನ ಮದುವೆಗೆ ನಿಪ್ಪಾಣಿ ಕಡೆಯ ವರನೊಬ್ಬ ಆಗಲೇ ಬಂದು ನೋಡಿಹೋಗಿದ್ದ, ತಂಬಾಕಿನ ವಖಾರಿಯಲ್ಲಿ ಕೆಲಸದವನು, ಬಾಯಿ ತೆರೆದರೆ ಕರೀ ಹಲ್ಲು. "ಪತ್ರ ಸಿಕ್ಕರ ಧಾರವಾಡ, ಇಲ್ಲಾಂದ್ರ ನಿಪ್ಪಾಣಿ. ನಾ ಏನೂ ಒತ್ತಾಯ ಮಾಡಾಂಗಿಲ್ಲವಾ" ಎಂದು ಅಪ್ಪ ಹೇಳಿದ್ದ. ಇದಕ್ಕಿಂತ ಒತ್ತಾಯ ಇನ್ನೇನಿರುತ್ತದೆ? ಆದರೂ ನನಗೆ ಹೆದರಿಕೆ ಇರಲಿಲ್ಲ. ಆ ಪತ್ರ ನನ್ನದೇ ಎಂದು ಅಡುಗೆಯ ಮಾರ್ಥಕ್ಕನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು.

ಜೂನಿನಲ್ಲಿ ಮಿರಗದ ಮಳೆಯ ಜೊತೆಗೆ ನೀಲವ್ವ ಬಂದಳು.

ಮಸಗುಪ್ಪಿಯ ಲಿಂಗಾಯತರ ಹುಡುಗಿ. ಆ ಕಡೆ ಹೆಣ್ಣುಮಕ್ಕಳಿಗೆ ಮುಂದಿನ ಶಾಲೆ ಇರಲಿಲ್ಲವಂತೆ. ಹುಕ್ಕೇರಿ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಸೋದರಮಾವನ ಮನೆಯಲ್ಲಿದ್ದುಕೊಂಡು ದಿನಾ ನಡೆದು ಬರುತ್ತಿದ್ದಳು. ಮೊದಲ ದಿನವೇ ಮೊಣಕಾಲಿನವರೆಗೆ ಕೆಸರು. ಹೊಸಬಳೆಂದು ನಾಚಿಕೆಯಿಲ್ಲ, ಬಾಗಿಲಲ್ಲಿ ನಿಂತು, "ಕಾಲು ತೊಳಕೊಂಡು ಬರ್ಲೇನ್ರಿ, ಇಲ್ಲಾ ಹಿಂಗ ಒಳಗ ಬರ್ಲ್ಯಾ?" ಎಂದಳು. ಬಾಯಿಯವರು ನಕ್ಕುಬಿಟ್ಟರು. ಐದು ವರ್ಷದಲ್ಲಿ ನಾನು ಯಾವ ಬಾಯಿಯವರನ್ನೂ ಹಾಗೆ ನಗಿಸಿರಲಿಲ್ಲ. ಕಾಲು ತೊಳೆದೇ ಒಳಗೆ ಬರುವವಳಿಗೆ ನಗಿಸುವ ಅವಕಾಶ ಎಲ್ಲಿಂದ ಬರಬೇಕು!

ಲೆಕ್ಕದಲ್ಲಿ ಅವಳು ದಡ್ಡಿ. ಅದು ನನಗೆ ಸಮಾಧಾನ. ಆದರೆ ಬೋಧೆಯ ತಾಸಿನಲ್ಲಿ ನನ್ನ ನೆಮ್ಮದಿ ಕೆಟ್ಟಿತು. ವೈರಿಯನ್ನು ಪ್ರೀತಿಸುವುದು ಹೇಗೆ ಎಂಬ ಪಾಠ. ನಿಮ್ಮ ವೈರಿ ಯಾರು ಎಂದು ಬಾಯಿಯವರು ಕೇಳಿದರು. ನಾನು ಎದ್ದು ನಿಂತು "ಸೈತಾನ" ಎಂದೆ. ಉಪದೇಶಿಯ ಮನೆಯಲ್ಲಿ ಬೆಳೆದವಳು, ಅಂಥ ಉತ್ತರಗಳು ನನ್ನ ನಾಲಿಗೆಯ ತುದಿಯಲ್ಲಿರುತ್ತಿದ್ದವು. ಬಾಯಿಯವರು ತಲೆಯಾಡಿಸಿ ಮುಂದಕ್ಕೆ ಹೋದರು. ನೀಲವ್ವನ ಸರದಿ ಬಂತು.

"ನಮ್ಮ ಅತ್ತಿರಿ," ಎಂದಳು. "ದಿನಾ ನನಗ ನಿನ್ನಿ ರೊಟ್ಟಿ ಹಾಕತಾಳ್ರಿ, ತನ್ನ ಮಕ್ಕಳಿಗಿ ಬಿಸಿವು. ಪ್ರೀತಿ ಮಾಡಬೇಕಂತ ಎಂಟು ದಿನ ನೋಡಿನ್ರಿ. ಆಗವಲ್ದು. ಆದ್ರ ನಿನ್ನೆ ಆಕಿಗಿ ಜ್ವರ ಬಂದಿತ್ತು, ಹಣಿಗಿ ತಣ್ಣೀರ ಅರಿಬಿ ಹಾಕಿದ್ನಿ. ಪ್ರೀತಿ ಬರಲಿಲ್ಲ, ಅರಿಬಿ ಹಾಕೂದ್ ಬಂತು."

ತರಗತಿ ನಕ್ಕಿತು. ಬಾಯಿಯವರು ನಗಲಿಲ್ಲ. "ಇವತ್ತಿನ ಪಾಠ ನೀನು ಹೇಳಿದೆ, ನೀಲವ್ವ. ಇನ್ನು ನಾನು ಹೇಳುವುದೇನೂ ಇಲ್ಲ" ಎಂದು ಪುಸ್ತಕ ಮುಚ್ಚಿದರು. ನನ್ನ ಕಿವಿ ಕಾದುಹೋದವು. ನಮ್ಮ ಗ್ರಂಥ, ನಮ್ಮ ಬೋಧೆ, ನಮ್ಮ ಬಾಯಿಯವರು. ನಡುವೆ ಇವಳ್ಯಾರು? ಅವಳಿಗೆ ಊರಿದೆ, ಹೊಲವಿದೆ, ಪೇಟೆಯಲ್ಲಿ ಅಂಗಡಿಯಿದೆ. ಎಲ್ಲ ಬಾವಿಯೂ ಅವಳದೇ. ನನಗಿದ್ದುದು ಇದೊಂದು. ಇದಕ್ಕೂ ಬಂದಳಲ್ಲ, ಮಹಾತಾಯಿ!

ಒಂದು ವಿಷಯ ಮಾತ್ರ ನಾನು ಹಿಡಿದಿಟ್ಟುಕೊಂಡಿದ್ದೆ. ಅವಳು ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಮಾವನ ಕಟ್ಟಪ್ಪಣೆಯಂತೆ. ರೊಟ್ಟಿಯ ಗಂಟು ಬಿಚ್ಚಿ ತಿಂದು, ಗಂಟಲು ಒಣಗಿಸಿಕೊಂಡೇ ಸಂಜೆಯವರೆಗೆ ಕುಳಿತಿರುತ್ತಿದ್ದಳು. ಅಷ್ಟು ದೊಡ್ಡ ಪಾಠ ಹೇಳುವವಳಿಗೆ ನಮ್ಮ ಬಾವಿಯ ನೀರು ಆಗದು, ನೋಡಿದಿರಾ ಎಂದು ಜೊತೆಯವರ ಮುಂದೆ ಆಡಿಕೊಂಡು ನನ್ನ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ.

ಅದನ್ನೂ ಅವಳು ಉಳಿಸಲಿಲ್ಲ. ಮಳೆ ಹಿಂದೆ ಸರಿದು, ಅಕ್ಟೋಬರಿನ ಬಿಸಿಲು ನೆತ್ತಿ ಸುಡುತ್ತಿತ್ತು. ಬೋರ್ಡಿಂಗಿನ ನಾವು ಸರದಿಯ ಮೇಲೆ ನೀರು ಸೇದುತ್ತಿದ್ದೆವು. ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದೆವು. ನೀಲವ್ವನೂ ಕೆಮ್ಮಿ ಕೆಮ್ಮಿ, ಎದ್ದು ಸೀದಾ ಬಾವಿಗೆ ಬಂದು, ಬಗ್ಗಿ ಬೊಗಸೆ ಒಡ್ಡಿದಳು.

"ಹಾಕವಾ ಎಸ್ತೇರ. ಸಾಯಾಕತ್ತೇನಿ."

"ನಿಮ್ಮ ಮಾಮಾ?" ಎಂದೆ.

"ಮಾಮಾಗ ನೀರಡಿಕಿ ಆಗಿಲ್ಲ, ನನಗಾಗೇತಿ. ಹಾಕು."

ಹಾಕಿದೆ. ಗಟಗಟ ಕುಡಿದಳು. ಬಗ್ಗಿದ್ದಕ್ಕೆ ಕೊರಳಿನ ಶಿವದಾರ ಹೊರಗೆ ಜಾರಿತು, ಅದರ ತುದಿಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗ. ಅವಳು ಒದ್ದೆ ಕೈ ಒರೆಸಿಕೊಂಡು, ಅದನ್ನು ಕಣ್ಣಿಗೆ ಒತ್ತಿ, ಒಳಗೆ ಸೇರಿಸಿದಳು. ಆಚೆ ಜಗುಲಿಯ ಮೇಲೆ ನಿಂತಿದ್ದ ಬಾಯಿಯವರಿಗೆ ದೂರದಿಂದ ಕಂಡದ್ದು ಬೊಗಸೆ ಮಾತ್ರ. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ, ಹೆಸರು ಹೇಳದೆ, ನಿನ್ನೆ ಒಬ್ಬ ಹುಡುಗಿ ನೂರು ವರ್ಷದ ಗೋಡೆಯನ್ನು ಬೊಗಸೆಯಿಂದ ಒಡೆದಳು ಎಂದರು. ಎಲ್ಲರೂ ತಿರುಗಿ ನೀಲವ್ವನನ್ನು ನೋಡಿದರು.

ನನಗೆ ಆಗ ಬಂದ ಸಿಟ್ಟು ಈಗ ನೆನೆದರೂ ಬರುತ್ತದೆ. ನೀರು ಸೇದಿದವಳು ನಾನು. ಹಾಕಿದವಳು ನಾನು. ಕುಡಿದವಳಿಗೆ ಹೊಗಳಿಕೆ! ನಮ್ಮಜ್ಜ, ನಮ್ಮಪ್ಪ, ನಾನು ಆ ಗೋಡೆಯ ಈಚೆ ಬಾಯಾರಿ ನಿಂತಿದ್ದಕ್ಕೆ ಯಾರೂ ಪ್ರಾರ್ಥನೆಯಲ್ಲಿ ಒಂದು ಮಾತು ಆಡಿರಲಿಲ್ಲ. ಇದನ್ನು ಅವತ್ತು ಬಾಯಿಬಿಟ್ಟು ಹೇಳಿದ್ದರೆ ಅದು ನ್ಯಾಯದ ಮಾತಾಗುತ್ತಿತ್ತು, ಬಾಯಿಯವರು ಕೇಳಿಸಿಕೊಳ್ಳುತ್ತಲೂ ಇದ್ದರು. ನಾನು ಹೇಳಲಿಲ್ಲ, ನುಂಗಿಕೊಂಡೆ. ಆ ವಾರವೇ ಮಾರ್ಥಕ್ಕ ರೊಟ್ಟಿ ಬಡಿಯುತ್ತಾ, "ಪತ್ರ ಈ ಸಲ ಮಸಗುಪ್ಪಿಗಿ ಹೋಗತೈತೇನ ಮತ್ತ?" ಎಂದು ನನ್ನ ಮುಖ ನೋಡಿ ನಕ್ಕಳು. ಚೇಷ್ಟೆಗೆ ಅಂದದ್ದು. ನಾನು ಎದ್ದು ಹೊರಗೆ ಹೋದೆ.

ಡಿಸೆಂಬರಿನಲ್ಲಿ ಪರೀಕ್ಷೆ ಬಂತು. ಬೆಳಿಗ್ಗೆ ಕೈ ಸೆಡೆಯುವಷ್ಟು ಚಳಿ. ಬೀಜಗಣಿತದ ಪತ್ರಿಕೆ. ಬಾಯಿಯವರು ಕುರ್ಚಿ ಇಟ್ಟು ಹೊರಗೆ ಹೋದರು. ನೀಲವ್ವ ನನ್ನ ಬಲಕ್ಕೆ, ಒಂದು ಸಾಲು ಮುಂದೆ. ಅರ್ಧ ತಾಸಾದರೂ ಅವಳ ಲೇಖಣಿ ಅಲುಗಲಿಲ್ಲ. ನನಗೆ ಒಳಗೊಳಗೇ ಖುಷಿ. ಆಮೇಲೆ ಅವಳು ಕೊರಳಿಗೆ ಕೈ ಹಾಕಿ ಸಣ್ಣ ಬಟ್ಟೆಗಂಟು ಬಿಚ್ಚಿ, ಎಡ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರಲ್ಲೇ ಕಣ್ಣು ನೆಟ್ಟು ಕುಳಿತಳು. ತುಟಿ ಸಣ್ಣಗೆ ಅಲುಗುತ್ತಿದ್ದವು. ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದಳು, ಮುಚ್ಚಿಕೊಳ್ಳಲಿಲ್ಲ. ಎರಡು ನಿಮಿಷ ಇರಬಹುದು. ನಂತರ ಅದನ್ನು ಕಟ್ಟಿ ಒಳಗಿಟ್ಟು ಬರೆಯತೊಡಗಿದಳು. ಬರೆದಳು ನೋಡಿ, ಮಳೆ ಬಿದ್ದ ಹಳ್ಳದಂತೆ!

ಅದು ಲಿಂಗ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವುದಕ್ಕೆ ಇಷ್ಟು ವರ್ಷ ನನ್ನೊಳಗೆ ಎಷ್ಟೋ ದಾರಿ ಹುಡುಕಿದ್ದೇನೆ, ಸಿಕ್ಕಿಲ್ಲ. ಗೊತ್ತಿತ್ತು.

ಕೊನೆಗೆ ನಾನು ಮೊದಲನೆಯ ಸಾಲು ಬರೆದೆ, ನಾನು ನೋಡಿ ಬರೆದಿಲ್ಲ. ಎರಡನೆಯ ಸಾಲನ್ನು ಬರೆಯದೆ ಸಹಿ ಹಾಕಿ ಕೊಟ್ಟೆ. ಸುಳ್ಳು ಬರೆಯಲಿಲ್ಲ. ಒಂದು ಸಾಲು ಬಿಟ್ಟೆ, ಅಷ್ಟೆ. ಉಪದೇಶಿಯ ಮಗಳ ಜಾಣತನ ಅದು.

ಸಂಜೆ ಬಾಯಿಯವರು ಕರೆಸಿದರು. ಅವರ ಮೇಜಿನ ಮೇಲೆ ನನ್ನ ಪತ್ರಿಕೆ.

"ಎರಡನೆಯ ಸಾಲನ್ನು ಮರೆತೆಯಾ, ಮಗೂ?"

"ಮರಿತಿಲ್ರಿ."

"ಹಾಗಾದರೆ ಯಾರನ್ನೋ ಕಂಡಿದ್ದೀ."

ನಾನು ಸುಮ್ಮನೆ ನಿಂತೆ. ಅವರು ಮತ್ತೆ ಕೇಳಲಿ ಎಂದೇ ಸುಮ್ಮನೆ ನಿಂತೆ. ಅವರು ಕೇಳಿದರು. "ನೀಲವ್ವ ಎಡಗೈಯಾಗ ಏನೋ ಇಟಗೊಂಡು ನೋಡಾಕತ್ತಿದ್ಲುರಿ. ಆಮ್ಯಾಲ ಲೆಕ್ಕ ಬಿಡಸಾಕ ಚಾಲೂ ಮಾಡಿದ್ಲು" ಎಂದೆ. ಪ್ರತಿ ಮಾತೂ ಖರೆ. ಬಾಯಿಯವರ ಮುಖ ಸಪ್ಪಗಾಯಿತು. ತಮ್ಮ ಹುಡುಗಿ ಹೀಗೆ ಮಾಡಿದಳಲ್ಲ ಎಂಬ ಸಂಕಟ ಅದು. ಅವಳಿಗಾಗಿ ಇವರು ಸಂಕಟಪಡುತ್ತಾರಲ್ಲ ಎಂದು ನನಗೆ ಅದಕ್ಕೂ ಹೊಟ್ಟೆ ಉರಿಯಿತು.

ಖಾಲಿ ಕುರ್ಚಿಯ ಪರೀಕ್ಷೆಯ ದೂರನ್ನು ಕೋಣೆಯಲ್ಲಿ ಮುಗಿಸುವಂತಿರಲಿಲ್ಲ, ಎಲ್ಲರ ಮುಂದೆ ಕೇಳಬೇಕೆಂಬ ನಿಯಮ. ಮರುದಿನ ತರಗತಿಯಲ್ಲಿ ಬಾಯಿಯವರು ನೀಲವ್ವನನ್ನು ಎಬ್ಬಿಸಿ ನಿಲ್ಲಿಸಿ, ನಿನ್ನೆ ನಿನ್ನ ಕೈಯಲ್ಲಿ ಏನಿತ್ತು ಎಂದು ಕೇಳಿದರು. ಅವಳು ಒಂದು ಗಳಿಗೆ ಅರ್ಥವಾಗದೆ ನಿಂತಳು. ಅರ್ಥವಾದ ಮೇಲೆ ಶಿವದಾರ ಎಳೆದು, ಬಟ್ಟೆಗಂಟು ಬಿಚ್ಚಿ, ಅಂಗೈಯ ಮೇಲೆ ಲಿಂಗವಿಟ್ಟು ಮುಂದೆ ಚಾಚಿದಳು.

"ಹೆದರಿಕಿ ಆಗಿತ್ರಿ. ಒಂದೂ ಲೆಕ್ಕ ಹತ್ತವಲ್ದಾಗಿತ್ತು. ನೀವು ನೋಡಾಂವ ಕುಂತಾನ ಅಂದ್ರಿ. ಆ ಕುರ್ಚಿಯಾಗ ನನಗ ಯಾರೂ ಕಾಣಲಿಲ್ಲ. ಅದಕ್ಕ ನನ್ನ ದೇವರನ್ನ ನೋಡಿನ್ರಿ. ತಪ್ಪಾತೇನ್ರಿ?"

ಬಾಯಿಯವರು ಕುರ್ಚಿಯಿಂದ ಎದ್ದು ನಿಂತರು. "ತಪ್ಪು ನಿನ್ನದಲ್ಲ, ನನ್ನದು. ನನ್ನನ್ನು ಕ್ಷಮಿಸು" ಎಂದು ಎಲ್ಲರ ಮುಂದೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೃದುವಾಗಿ, "ಎಸ್ತೇರ್, ಅದು ಏನೆಂದು ನಿನಗೆ ತಿಳಿದಿರಲಿಲ್ಲ, ಅಲ್ಲವೇ?" ಎಂದರು.

ಬಾಗಿಲು ತೆರೆದುಕೊಟ್ಟಿದ್ದರು. ನುಸುಳಿದೆ. "ಇಲ್ರಿ" ಎಂದೆ.

ನೀಲವ್ವ ಲಿಂಗವನ್ನು ಕಟ್ಟಿಕೊಳ್ಳುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿದಳು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ತರಗತಿಯಲ್ಲಿ ಪೇಟೆಯ ಹುಡುಗಿಯರು ಇನ್ನಿಬ್ಬರಿದ್ದರು. ಸಂಜೆಯೊಳಗೆ ಸುದ್ದಿ ಕಾಳಿನ ಅಂಗಡಿ ಮುಟ್ಟಿತು. ಮರುದಿನ ಪ್ರಾರ್ಥನೆಯ ಹೊತ್ತಿಗೇ ಅವಳ ಮಾವ ಬಂದ, ಪಟಗಾ ಸುತ್ತಿದ ಕೆಂಪು ಮುಖದ ಮನುಷ್ಯ. ಅಂಗಳದಲ್ಲೇ ನಿಂತು ಕೂಗಿದ. "ಕೊರಳಾಗಿನ ಲಿಂಗ ಬಿಚ್ಚಿಸಿ ಜಡತಿ ತೊಗೊಂಡ್ರ್ಯಾ, ಕಳ್ಳರನ್ನ ಹುಡುಕಿದಂಗ? ಯಾರ್‍ಯಾರ ಮುಂದ ಬಿಚ್ಚಿಸಿದ್ರಿ? ಯಾವ್ಯಾವ ಮಂದಿ ಮುಂದ?"

ಆ ಮಂದಿ ಎಂದರೆ ನಾನು. ಅವನು ನನ್ನ ಮುಖ ನೋಡಿಯೇ ಅಂದ. ಆ ಮಾತಿನ ಸಿಟ್ಟನ್ನು ಬಹಳ ದಿನ ನಾನು ನೀಲವ್ವನ ಮೇಲೆಯೇ ಹಾಕಿ, ನಾನು ಮಾಡಿದ್ದು ಸರಿ ಎಂದುಕೊಳ್ಳಲು ನೋಡಿದೆ. ಅವನು ಅವಳ ಚೀಲ ಎತ್ತಿಕೊಂಡು ಹೊರಟ. ಅವಳು "ಮಾಮಾ, ಬಾಯಾರದು ತಪ್ಪಿಲ್ಲೊ, ಮೂರ ತಿಂಗಳ ಉಳದೈತಿ, ಪರೀಕ್ಷಾ ಬರಿತೇನಿ" ಎಂದು ಹಿಂದೆ ಹಿಂದೆ ಓಡುತ್ತಿದ್ದಳು. ನಾನು ಮಾಡಿದ್ದೆಂದು ಅವಳು ಒಂದು ಮಾತು ಅಂದಿದ್ದರೆ ಅವನ ಸಿಟ್ಟು ಶಾಲೆಯ ಮೇಲಿಂದ ನನ್ನ ಮೇಲೆ ಬೀಳುತ್ತಿತ್ತು. ಅವಳು ಅನ್ನಲಿಲ್ಲ. ಬಾಯಿಯವರು ಎರಡು ಸಲ ಅವನ ಮನೆಗೆ ಹೋದರು. ಎರಡು ಸಲವೂ ಕಟ್ಟೆಯ ಮೇಲೆಯೇ ನಿಲ್ಲಿಸಿ ಕಳಿಸಿದ. ಎರಡನೆಯ ಸಲ ಹೋಗುವ ಹೊತ್ತಿಗೆ ನೀಲವ್ವ ಮಸಗುಪ್ಪಿಗೆ ಹೋಗಿಯಾಗಿತ್ತು.

ಮಾರ್ಚಿನಲ್ಲಿ ನಾನು ಮ್ಯಾಟ್ರಿಕ್ ಬರೆದೆ. ಏಪ್ರಿಲ್‌ನಲ್ಲಿ ಬಾಯಿಯವರು ಪತ್ರ ಬರೆದುಕೊಟ್ಟರು. ಗುಂಡಗಿನ ಚೆಂದದ ಅಕ್ಷರ, ಸತ್ಯವಂತೆ ಎಂಬ ಮಾತೂ ಅದರಲ್ಲಿತ್ತು. ಅಪ್ಪ ಅದನ್ನು ಓದಿ ಕಣ್ಣೊರೆಸಿಕೊಂಡ. ನನಗೆ ಅನ್ನ ಸೇರದಾಯಿತು. ಪತ್ರ ಗಿಟ್ಟಿಸಿಕೊಂಡವಳಿಗೆ ಖುಷಿಯಾದರೂ ಆಗಬೇಕಿತ್ತು, ಅದೂ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ ಹುಕ್ಕೇರಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ, ಗೋಕಾಕದ ಬಸ್ಸು ಹತ್ತಿದೆ. ಅಲ್ಲಿಂದ ಮೂಡಲಗಿಯ ಕಡೆಯ ಬಸ್ಸು, ಆಮೇಲೆ ಕಾಲುನಡಿಗೆ. ಬಿಸಿಲಿಗೆ ಕಪ್ಪು ನೆಲ ಬಾಯಿ ಬಿಟ್ಟಿತ್ತು. ಪತ್ರ ನನ್ನ ಚೀಲದಲ್ಲೇ ಇತ್ತು, ಯಾಕೆ ಒಯ್ದೆನೋ ಗೊತ್ತಿಲ್ಲ.

ನೀಲವ್ವ ಹಿತ್ತಲಿನ ಕಣದಲ್ಲಿ ಕುಳಿತು ಅರಿಷಿಣ ಆರಿಸುತ್ತಿದ್ದಳು. ಕುದಿಸಿ ಒಣಗಿಸಿದ ಕೊಂಬಿನ ರಾಶಿ, ಮೊಣಕೈವರೆಗೆ ಹಳದಿ. ನನ್ನನ್ನು ಕಂಡು ಏಳಲಿಲ್ಲ. ಗೋಣಿಚೀಲ ಸರಿಸಿ, "ಕುಂದರು" ಎಂದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಹೊಟ್ಟೆಕಿಚ್ಚು, ಬಾವಿಯ ದಿನ, ಬಿಟ್ಟ ಸಾಲು, ಗೊತ್ತಿದ್ದೂ ಇಲ್ಲ ಎಂದದ್ದು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹೇಳುತ್ತಾ ಅತ್ತೆ. ಅವಳು ಕೊಂಬು ಆರಿಸುತ್ತಲೇ ಕೇಳಿದಳು.

"ಬಾಯಾರ ಮುಂದ ಹೇಳಿದಿ?" ಎಂದಳು.

"ಇಲ್ಲ."

"ನಿಮ್ಮಪ್ಪನ ಮುಂದ?"

"ಇಲ್ಲ."

"ಬರೇ ನನ್ನ ಮುಂದ."

"ಹೂಂ."

"ನನಗ ಅವತ್ತ ಗೊತ್ತಿತ್ತಲ್ಲವಾ, ಎಸ್ತೇರ. ಗೊತ್ತಿದ್ದಾಕಿ ಮುಂದ ಹೇಳಾಕ ಇಷ್ಟ ದೂರ ಬಂದ್ಯೇನು?"

ಸಿಟ್ಟಿನಿಂದ ಹೇಳಲಿಲ್ಲ. ಖರೆಯೇ ತಿಳಿಯದೆ ಕೇಳಿದಂತೆ ಕೇಳಿದಳು. ಕೊಂಬೊಂದನ್ನು ಮುರಿದು ಒಳಗಿನ ಬಣ್ಣ ನೋಡಿ ಬುಟ್ಟಿಗೆ ಹಾಕಿದಳು. "ಬಿಸಲು ಏರಾಕತ್ತೈತಿ. ಮಧ್ಯಾಹ್ನದ ಬಸ್ಸ ತಪ್ಪಿದ್ರ ಮತ್ತ ಸಂಜೀಕ ಐತಿ ನೋಡು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಪಶ್ಚಾತ್ತಾಪದಿಂದ ಅತ್ತೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಶಾಲೆ ಹೋಗಿ, ಪತ್ರ ಹೋಗಿ, ಅರಿಷಿಣದಲ್ಲಿ ಕುಳಿತವಳ ಬಾಯಲ್ಲಿ ಅಂಥ ನೆಟ್ಟಗಿನ ಮಾತು ಬರುತ್ತದೆ, ನನ್ನ ಬಾಯಲ್ಲಿ ಯಾಕೆ ಬರುವುದಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಅತ್ತೆ.

ಬಸ್ಸು ಹುಕ್ಕೇರಿ ಮುಟ್ಟುವಾಗ ಸಂಜೆ ನಾಲ್ಕಾಗಿತ್ತು. ಶಾಲೆಯ ಮುಂದೆಯೇ ಅದು ನಿಲ್ಲುತ್ತಿತ್ತು. ರಾಹೇಲಬಾಯಿಯವರು ಜಗುಲಿಯಲ್ಲಿ ಒಬ್ಬರೇ ಕುಳಿತು ಏನೋ ಹೊಲಿಯುತ್ತಿದ್ದರು. ಕಿಟಕಿಯಲ್ಲಿ ನನ್ನನ್ನು ಕಂಡು ಕನ್ನಡಕ ಸರಿಮಾಡಿಕೊಂಡು, ಕೈ ಎತ್ತಿ, ಬಾ ಎಂದು ಕರೆದರು. ಕಂಡಕ್ಟರ್ "ಇಳಿಯವರ್‍ಯಾರ್ರಿ, ಲಗೂ ಇಳೀರಿ" ಎಂದು ಕೂಗಿದ. ಎದ್ದು ನಿಂತೆ. ಚೀಲವನ್ನೂ ಹೆಗಲಿಗೆ ಹಾಕಿಕೊಂಡೆ. ಮತ್ತೆ ಕುಳಿತುಕೊಂಡು, ಹೊತ್ತಾಗಿದೆ ಎಂಬಂತೆ ಅವರಿಗೆ ಕೈ ಬೀಸಿದೆ. ಅವರೂ ನಗುತ್ತಾ ಕೈ ಬೀಸಿದರು.

ಜೂನಿನಲ್ಲಿ ಧಾರವಾಡಕ್ಕೆ ಹೋದೆ.